ನಮ್ಮ ಮನೆಯ ಮೋಟಾರ್‌ಸೈಕಲ್ ಕ್ಲಬ್ಬು

ಹೋದ ತಿಂಗಳು ಡೆನ್ಮಾರ್ಕಿನಿಂದ ನನ್ನ ಫೋನಿಗೆ ಒಂದು ಹಳೆಯ ಫೋಟೋ ಬಂತು. ಕಳಿಸಿದವಳು ಅಲ್ಲಿಯ ಒಂದು ಸಣ್ಣ ಊರಿನ ಮೋಟಾರ್‌ಸೈಕಲ್ ರೇಸ್ ಕ್ಲಬ್ಬಿನ ಕಾರ್ಯದರ್ಶಿ. ಅವರು ತಮ್ಮ ಕ್ಲಬ್ಬಿನ ಚರಿತ್ರೆ ಬರೆಯುತ್ತಿದ್ದಾರಂತೆ. ಹಳೆಯ ವಹಿಯೊಂದರಲ್ಲಿ ‘ಇಂಡಿಯಾದ ಗೋಕಾಕದಲ್ಲಿರುವ ನಮ್ಮ ತಂಗಿ ಕ್ಲಬ್ಬು’ ಎಂಬ ಒಂದು ಸಾಲು, ಅದರ ಜೊತೆಗೆ ಈ ಫೋಟೋ ಸಿಕ್ಕಿತಂತೆ. ಆ ತಂಗಿ ಕ್ಲಬ್ಬು ಯಾವಾಗ ನಿಂತಿತು, ಯಾಕೆ ನಿಂತಿತು, ಎರಡು ಸಾಲು ಬರೆದು ಕಳಿಸುತ್ತೀರಾ ಎಂದು ಕೇಳಿದ್ದಳು. ಫೋಟೋದಲ್ಲಿ ನಮ್ಮ ಗ್ಯಾರೇಜಿನ ಬಾಗಿಲು, ಬಾಗಿಲ ಮುಂದೆ ಎಂಟು ಜನ ಗಂಡಸರು, ನಡುವೆ ಬ್ರೇಕಿಲ್ಲದ ಒಂದು ಗಾಡಿ, ಗಾಡಿಯ ಮೇಲೆ ಬಸೂ ಕಾಕಾ. ಮೂಲೆಯಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತ ಫ್ರಾಕಿನ ಹುಡುಗಿ ನಾನು. ಎರಡು ಸಾಲು ಬರೆಯಲು ಕೂತೆ. ಆಗಲಿಲ್ಲ.

ಗೋಕಾಕದಿಂದ ಫಾಲ್ಸಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯಿತ್ತು. ಮುಂದೆ ಅಪ್ಪನ ಗ್ಯಾರೇಜು, ಅದರ ಹಿಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು. ಎಲ್ಲ ಒಂದೇ ಸಾಲಿನಲ್ಲಿ ಇದ್ದುದರಿಂದ ರಸ್ತೆಯಲ್ಲಿ ನಿಂತವರಿಗೆ ಹಿತ್ತಿಲಲ್ಲಿ ಒಣಗಿದ ಅವ್ವನ ಸೀರೆ ಕಾಣುತ್ತಿತ್ತು. ಆ ಮನೆಯಲ್ಲಿ ಯಾವ ವಾಸನೆಗೂ ಗೋಡೆ ಇರಲಿಲ್ಲ. ರೊಟ್ಟಿ ಸುಡುವ ವಾಸನೆ ಗ್ಯಾರೇಜಿಗೆ ಹೋಗುತ್ತಿತ್ತು, ಸೀಮೆಎಣ್ಣೆಯ ವಾಸನೆ ಅಡುಗೆಮನೆಗೆ ಬರುತ್ತಿತ್ತು. ಅಪ್ಪ ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಮೊದಲು ಬೂದಿ ಮತ್ತು ಲಿಂಬೆಸಿಪ್ಪೆ ಹಾಕಿ ಕೈ ತಿಕ್ಕುತ್ತಿದ್ದ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಅವನು ಕಣ್ಣು ಮುಚ್ಚಿದಾಗ ನಾನು ಎದುರಿಗೆ ಕೂತು ಆ ಕಪ್ಪು ಗೆರೆಗಳನ್ನೇ ನೋಡುತ್ತಿದ್ದೆ. ಅಪ್ಪನ ತಮ್ಮ ಬಸೂ ಕಾಕಾ ನಮ್ಮ ಜೊತೆಗೇ ಇದ್ದ. ಅಜ್ಜಿ ತೀರಿಕೊಂಡಾಗ ಅವನಿಗಿನ್ನೂ ಆರು ವರ್ಷವಂತೆ. ಅಪ್ಪನೇ ಅವನಿಗೆ ಉಣಿಸಿ, ಸಾಲೆಗೆ ಕಳಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದ. ನನಗೆ ಹತ್ತು ವರ್ಷವಾದಾಗ ಕಾಕಾನಿಗೆ ಇಪ್ಪತ್ತನಾಲ್ಕು. ಅವನು ಮನೆಯೊಳಗೆ ಬಂದರೆ ಅವ್ವನ ಮುಖ ಕೂಡ ಸಡಿಲಾಗುತ್ತಿತ್ತು.

ಯೆನ್ಸ್ ಎಂಬ ಡೆನ್ಮಾರ್ಕಿನವನು ನಮ್ಮ ಮನೆಗೆ ಬಂದದ್ದು ಒಂದು ಹರಿದ ಚೈನು ಹಿಡಿದುಕೊಂಡು. ಹುಕ್ಕೇರಿಯ ಕಡೆ ಒಂದು ಹಾಲಿನ ಡೇರಿಗೆ ಯಂತ್ರ ಕೂಡಿಸಿಕೊಡಲು ಬಂದಿದ್ದ ಅವನ ಮೋಟಾರ್‌ಸೈಕಲ್ಲು ನಮ್ಮ ಬಾಗಿಲ ಮುಂದೆಯೇ ನಿಂತುಹೋಗಿತ್ತು. ಅಪ್ಪ ಚೈನು ಜೋಡಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಅವ್ವ ರೊಟ್ಟಿ, ಎಣಗಾಯಿ ಬದನೆಕಾಯಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ಅವನು ಕಣ್ಣಲ್ಲಿ ನೀರು ಸುರಿಸುತ್ತ ಪೂರ್ತಿ ತಿಂದ. ಮುಂದಿನ ಭಾನುವಾರ ಮತ್ತೆ ಬಂದ. ಎರಡು ವರ್ಷ ಬರುತ್ತಲೇ ಇದ್ದ. ಅವನು ಕನ್ನಡ ಕಲಿತದ್ದು ಗ್ಯಾರೇಜಿನಲ್ಲಿ, ಹಾಗಾಗಿ ದೊಡ್ಡವರು ಸಣ್ಣವರು ಎನ್ನದೆ ಎಲ್ಲರನ್ನೂ ‘ಲೇ’ ಎಂದೇ ಕರೆಯುತ್ತಿದ್ದ. ಅವ್ವನಿಗೆ ಒಂದು ಸಲ ‘ಲೇ ಅವ್ವಾ, ಖಾರ ಭಾಳ ಐತಿ’ ಎಂದಿದ್ದ. ಅವ್ವ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಓಡಿದ್ದು ನನಗೆ ಈಗಲೂ ನೆನಪಿದೆ.

ಊಟವಾದ ಮೇಲೆ ಅವನು ತನ್ನ ಊರಿನ ಕ್ಲಬ್ಬಿನ ಕತೆ ಹೇಳುತ್ತಿದ್ದ. ಊರ ಹೊರಗೆ ಜಲ್ಲಿಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ತಗ್ಗು ಇತ್ತಂತೆ. ಹಾಲು ಮಾರುವ ರೈತರು, ಒಬ್ಬ ಬೇಕರಿಯವನು, ಒಬ್ಬ ಕಮ್ಮಾರ, ಎಲ್ಲ ಸೇರಿ ಆ ತಗ್ಗನ್ನು ಸಮ ಮಾಡಿ, ಕಾರ್ಖಾನೆಯ ಬೂದಿ ತಂದು ಹಾಸಿ, ಮೊಟ್ಟೆಯಾಕಾರದ ಒಂದು ದಾರಿ ಮಾಡಿದರಂತೆ. ಅಲ್ಲಿ ಓಡುವ ಗಾಡಿಗೆ ಬ್ರೇಕಿಲ್ಲ, ಗೇರು ಒಂದೇ. ನಾಲ್ಕು ಜನ, ನಾಲ್ಕು ಸುತ್ತು, ಯಾವಾಗಲೂ ಎಡಕ್ಕೇ ತಿರುವು. ಎಡಗಾಲಿನ ಬೂಟಿಗೆ ಕಬ್ಬಿಣದ ತಳ ಹಾಕಿಕೊಂಡು, ಆ ಕಾಲನ್ನು ನೆಲಕ್ಕೆ ಊರಿ, ಹಿಂದಿನ ಗಾಲಿಯನ್ನು ಜಾರಿಸುತ್ತ ತಿರುಗಬೇಕು. ಕ್ಲಬ್ಬು ಶುರುವಾದ ಎರಡನೆಯ ವರ್ಷ ಒಬ್ಬ ಹುಡುಗ ಬಿದ್ದು ಸತ್ತನಂತೆ. ಕ್ಲಬ್ಬು ಮುಚ್ಚಬೇಕೋ ಬೇಡವೋ ಎಂದು ಎಲ್ಲರೂ ಸೇರಿ ಕೈ ಎತ್ತಿಸಿದರಂತೆ. ಮುಚ್ಚುವುದು ಬೇಡ ಎಂದು ಮೊದಲು ಕೈ ಎತ್ತಿದವನು ಸತ್ತ ಹುಡುಗನ ತಂದೆಯೇ ಅಂತೆ. ಅಪ್ಪನೂ ಕಾಕಾನೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಿಟ್ಟು ಸಾಣಿಸುತ್ತಿದ್ದ ಅವ್ವ ಜರಡಿ ನಿಲ್ಲಿಸಿದಳು.

“ಆ ಹುಡುಗನ ತಾಯಿ ಏನಂದ್ಲಂತ?”

ಯೆನ್ಸ್ ಅವಳ ಕಡೆ ತಿರುಗಿದ.

“ಗೊತ್ತಿಲ್ಲ, ಅವ್ವಾ. ಆಕೀನ ಯಾರೂ ಕೇಳಲಿಲ್ಲ.”

ಅವ್ವ ಮತ್ತೆ ಜರಡಿ ಆಡಿಸಿದಳು.

ಆ ಬೇಸಿಗೆಗೇ ನಮ್ಮ ಮನೆಯಲ್ಲೂ ಕ್ಲಬ್ಬು ಹುಟ್ಟಿತು. ಮೂಡಲಗಿಯ ಒಬ್ಬ ಕಂಪೌಂಡರ್, ಬೆಲ್ಲದ ಬಾಗೇವಾಡಿಯ ಇಬ್ಬರು ರೈತರು, ಹುಕ್ಕೇರಿಯ ಸಾಲೆಯಲ್ಲಿ ಆಟ ಕಲಿಸುತ್ತಿದ್ದ, ಎಲ್ಲರೂ ಮಾಸ್ತರ ಎನ್ನುತ್ತಿದ್ದವನು, ಹೀಗೆ ಎಂಟು ಜನ. ಕುಲಗೋಡದ ಹತ್ತಿರ ಒಂದು ಪಾಳು ಹೊಲದಲ್ಲಿ ಗರಸು ಮಣ್ಣು ಹಾಕಿ, ಅದರ ಮೇಲೆ ಗಾಡಿಗಟ್ಟಲೆ ಬೂದಿ ಹಾಸಿ, ಕಲ್ಲಿನ ಉರುಳಿಯನ್ನು ಎತ್ತಿನಿಂದ ಎಳೆಸಿ ದಾರಿ ಮಾಡಿದರು. ಭಾನುವಾರ ಬಂದರೆ ನಮ್ಮ ಪಡಸಾಲೆ ತುಂಬಿಹೋಗುತ್ತಿತ್ತು. ಬಚ್ಚಲಲ್ಲಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ ಚೈನು, ನಡುಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟ ನಟ್ಟು ಬೋಲ್ಟು. ಒಂದು ದಿನ ಅವ್ವ ಹಿಟ್ಟು ನಾದುವ ತನ್ನ ಹಿತ್ತಾಳೆಯ ಪರಾತ ಹುಡುಕುತ್ತ ಬಂದಾಗ ಅದು ಎಂಜಿನ್ನಿನ ಕೆಳಗೆ ಕಪ್ಪು ಆಯಿಲ್ ತುಂಬಿಕೊಂಡು ಕೂತಿತ್ತು. ಅದು ಅವಳ ತವರಿನಿಂದ ಬಂದ ಪರಾತ. ಅವತ್ತು ಆ ಎಂಟೂ ಜನರ ಎದುರಿಗೇ ಅವಳು ಅಪ್ಪನಿಗೆ ಹೇಳಿದಳು.

“ಈ ಮನ್ಯಾಗ ನನ್ನೂ ಒಂದ್ ಗಾಡಿ ಅಂತ ತಿಳಕೊಂಡೀರೇನ್ರಿ? ಬ್ಯಾಸರಾದಾಗ ಬಿಚ್ಚೂದು, ಬೇಕಾದಾಗ ಜೋಡಸೂದು?”

ಕಾಕಾ ಎದ್ದು ಪರಾತದ ಆಯಿಲ್ ಬಗ್ಗಿಸಿ, ಬೂದಿ ಹಾಕಿ ಮೂರು ಸಲ ತಿಕ್ಕಿ, ಹುಣಸೆಹಣ್ಣು ಹಚ್ಚಿ ಬೆಳಗಿ ತಂದು ಅವಳ ಮುಂದೆ ಇಟ್ಟ. ‘ವೈನಿ, ಮಾರಿ ನೋಡಕೋರಿ’ ಎಂದ. ಅವ್ವ ನಗಲಿಲ್ಲ. ಆದರೂ ಮಧ್ಯಾಹ್ನ ಅವನಿಗೆ ಇಷ್ಟವಾದ ಮಾದಲಿ ಮಾಡಿದಳು.

ಯೆನ್ಸ್ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದ ಮೇಲೆಯೂ ಕ್ಲಬ್ಬು ನಡೆಯಿತು. ಕಾಕಾನನ್ನು ಹಿಂದೆ ಹಾಕುವವರೇ ಇರಲಿಲ್ಲ. ಅವನ ಗಾಡಿಯನ್ನು ಅಪ್ಪನೇ ಹಳೆಯ ಸಾಮಾನಿನಿಂದ ಕಟ್ಟಿದ್ದ, ಮುಂದಿನ ಗಾಲಿ ಹಿಡಿದಿರುವ ಫೋರ್ಕಿಗೆ ತಾನೇ ವೆಲ್ಡಿಂಗ್ ಮಾಡಿದ್ದ. ಒಂದು ಭಾನುವಾರ ಕುಲಗೋಡದಲ್ಲಿ ಕಾಕಾ ಜಾರಿ ಬಿದ್ದು ತಲೆ ನೆಲಕ್ಕೆ ಬಡಿಯಿತು. ಹೆಲ್ಮೆಟ್ಟು ಇತ್ತು. ಎದ್ದು ಮೈ ಕೊಡವಿಕೊಂಡು ನಕ್ಕ. ಎಲ್ಲರೂ ನಕ್ಕರು. ಅದಾದ ಒಂದು ವಾರಕ್ಕೆ, ಮಧ್ಯಾಹ್ನ, ಅವ್ವ ಕೊಟ್ಟ ಚಹಾದ ಕಪ್ಪು ಬಸಿ ಹಿಡಿದು ನಾನು ಪಡಸಾಲೆಗೆ ಹೋದೆ. ಕಾಕಾ ಕಂಬಕ್ಕೆ ಒರಗಿ ಏನೋ ಹಾಡಿಕೊಳ್ಳುತ್ತಿದ್ದ. ನಾನು ಅವನ ಬಲಗಡೆ ನಿಂತು ಕಪ್ಪು ಮುಂದೆ ಚಾಚಿದೆ. ಅವನು ತಗೊಳ್ಳಲಿಲ್ಲ. ಸುಮ್ಮನೆ ಕೈ ಬೀಸಿದ, ಕಪ್ಪು ಉರುಳಿ ಒಡೆಯಿತು. ಅವನು ಬೆಚ್ಚಿ, ಮುಖವನ್ನು ಪೂರ್ತಿ ನನ್ನ ಕಡೆ ತಿರುಗಿಸಿ, ‘ಯಾವಾಗ ಬಂದಿ?’ ಎಂದ. ನಾನು ಅವನ ಬಲಗಣ್ಣಿನ ಹತ್ತಿರ ಕೈ ಆಡಿಸಿದೆ. ರೆಪ್ಪೆ ಮಿಟುಕಲಿಲ್ಲ. ಅವನ ಎಡಗಣ್ಣು ಮುಚ್ಚಿ ಮೂರು ಬೆರಳು ತೋರಿಸಿ ಎಷ್ಟು ಎಂದು ಕೇಳಿದೆ. ಒಂದು ಎಂದ. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದ.

“ನೀಲೂ, ಅಣ್ಣಗ ಹೇಳಬ್ಯಾಡ.”

“ಕಣ್ಣು ಕಾಣಂಗಿಲ್ಲೇನು ಕಾಕಾ?”

“ಮಬ್ಬು ಕವದೈತಿ ಅಷ್ಟ. ಹೋಗತೈತಿ. ಅಣ್ಣಗ ಗೊತ್ತಾದ್ರ ಗಾಡಿ ಮುಟ್ಟಾಕ ಬಿಡೂದಿಲ್ಲ. ಬಾಗೇವಾಡಿ ರೇಸ್ ಒಂದು ಮುಗೀಲಿ, ನಾನ ಹೇಳ್ತೇನಿ.”

“ಕಾಣಲಾರದ ಹೆಂಗ ಓಡಸ್ತಿ?”

“ಹುಚ್ಚಿ, ನಮ್ಮ ಗಾಡಿ ಯಾವಾಗ್ಲೂ ಎಡಕ್ಕ ತಿರಗತೈತಿ. ಎಡಗಣ್ಣು ಇದ್ರ ಸಾಕು. ನನ್ನ ಆಣಿ, ಯಾರಿಗೂ ಹೇಳಬ್ಯಾಡ.”

ದೊಡ್ಡವನೊಬ್ಬ ನನ್ನ ಹತ್ತಿರ ಬೇಡಿಕೊಂಡದ್ದು ಅದೇ ಮೊದಲು. ನನಗೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಅವ್ವ ಕಪ್ಪು ಹೇಗೆ ಒಡೆಯಿತು ಎಂದು ಕೇಳಿದಾಗ ನನ್ನ ಕೈ ಜಾರಿತು ಎಂದೆ, ಬೈಸಿಕೊಂಡೆ. ಆ ಬೈಗುಳವೂ ನನಗೆ ರುಚಿಯಾಗಿತ್ತು.

ಬೆಲ್ಲದ ಬಾಗೇವಾಡಿಯ ರೇಸು ಕಬ್ಬು ಕಡಿದು ಮುಗಿದ ಒಂದು ದೊಡ್ಡ ಹೊಲದಲ್ಲಿ ನಡೆಯಿತು. ಚಕ್ಕಡಿಗಳನ್ನು ಸುತ್ತಲೂ ನಿಲ್ಲಿಸಿ ಜನ ಅದರ ಮೇಲೆ ಹತ್ತಿ ನಿಂತಿದ್ದರು. ಅವ್ವ ಬಂದಿರಲಿಲ್ಲ. ಅಪ್ಪ ನನ್ನನ್ನು ಒಂದು ಚಕ್ಕಡಿಯ ಮೂಕಿಯ ಮೇಲೆ ಕೂರಿಸಿದ್ದ. ಕೊನೆಯ ಓಟದ ಮೂರನೆಯ ಸುತ್ತಿನಲ್ಲಿ ಕಾಕಾ ಎಲ್ಲರಿಗಿಂತ ಮುಂದಿದ್ದ. ತಿರುವಿನಲ್ಲಿ ಮಾಸ್ತರ ಹೊರಗಿನ ಸುತ್ತಿನಿಂದ, ಅಂದರೆ ಕಾಕಾನ ಬಲಗಡೆಯಿಂದ, ಸಮಕ್ಕೆ ಬಂದ. ನನಗೆ ಮಾಸ್ತರ ಕಂಡ. ಅಲ್ಲಿದ್ದ ಎಲ್ಲರಿಗೂ ಕಂಡ. ತಿರುವು ಮುಗಿಸಿ ನೆಟ್ಟಗಾಗುತ್ತ ಕಾಕಾ ಆ ಕಡೆ ಯಾರೂ ಇಲ್ಲವೆಂಬಂತೆ ಸರಾಗವಾಗಿ ಬಲಕ್ಕೆ ಸರಿದ. ‘ಕಾಕಾ, ಬಲಕ್ಕ!’ ಎಂದು ನಾನು ಕೂಗಿದೆ. ಎಂಜಿನ್ನುಗಳ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಎರಡು ಹ್ಯಾಂಡಲ್ಲು ತಾಗಿದವು. ಕಾಕಾ ಮೇಲೆ ಹಾರಿ ತಲೆ ಕೆಳಗಾಗಿ ಬಿದ್ದ. ಗಾಡಿ ಅವನ ಮೇಲೆ ಬಿತ್ತು. ಧೂಳು ಇಳಿಯುವಷ್ಟರಲ್ಲಿ ಅಪ್ಪ ಅಲ್ಲಿದ್ದ. ಮಣ್ಣಿನಲ್ಲಿ ಮೊಣಕಾಲೂರಿ ತಮ್ಮನ ಹೆಸರು ಕರೆಯುತ್ತಿದ್ದ.

ಬೆಳಗಾವಿಯ ಆಸ್ಪತ್ರೆಯಲ್ಲಿ ಕಾಕಾ ಎರಡೂವರೆ ತಿಂಗಳಿದ್ದ. ಕುತ್ತಿಗೆಯ ಎಲುಬು ಮುರಿದಿತ್ತು. ಜೀವ ಉಳಿಯಿತು, ಎದೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಕೈಗಳು ಒಂದಿಷ್ಟು ಅಲುಗಾಡುತ್ತಿದ್ದವು, ಏನನ್ನೂ ಹಿಡಿಯುತ್ತಿರಲಿಲ್ಲ. ಡಾಕ್ಟರುಗಳು ಬೆನ್ನು ನೋಡಿದರು, ಕುತ್ತಿಗೆ ನೋಡಿದರು. ಕಣ್ಣಿನ ಬಗ್ಗೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆಗೆ ತಂದಾಗ ನಡುಮನೆಯಲ್ಲಿ ಅವನ ಎಡಗಡೆಗೆ ಗೋಡೆ ಬರುವಂತೆ ಮಂಚ ಹಾಕಿದರು. ಅಷ್ಟರಲ್ಲಿ ಗಾಡಿಯೂ ಗ್ಯಾರೇಜಿಗೆ ಬಂದಿತ್ತು. ಫೋರ್ಕು ಅಪ್ಪ ಮಾಡಿದ ವೆಲ್ಡಿಂಗಿನ ಜಾಗದಲ್ಲೇ ಎರಡು ತುಂಡಾಗಿತ್ತು. ಒಂದು ದಿನ ಮಾಸ್ತರ ಬಂದು ಗ್ಯಾರೇಜಿನ ಬಾಗಿಲಲ್ಲಿ ಅಳುತ್ತ ನಿಂತ.

“ಈರಪ್ಪಣ್ಣಾರ, ಬಸೂ ತಾನ ನನ್ನ ಮ್ಯಾಲೆ ಬಂದ್ರಿ. ಅಲ್ಲೆ ನಾ ಇಲ್ಲ ಅನ್ನೂವಂಗ ಬಂದ.”

“ನಿಮ್ಮ ತಪ್ಪಲ್ಲ ಮಾಸ್ತರ,” ಎಂದ ಅಪ್ಪ. “ಫೋರ್ಕು ಮೊದಲ ಮುರದೈತಿ. ಫೋರ್ಕು ಮುರದ್ರ ಗಾಡಿ ಯಾಕಡೆ ಬೇಕಾದ್ರೂ ಹೋಗತೈತಿ. ಇದು ನನ್ನ ಕೈದ ತಪ್ಪು.”

ನಾನು ಅಲ್ಲೇ ಇದ್ದೆ. ಕೈಯಲ್ಲಿ ಮಾಸ್ತರನಿಗೆ ಕೊಡಬೇಕಾದ ನೀರಿನ ತಂಬಿಗೆ ಇತ್ತು. ಒಂದು ಮಾತು ಸಾಕಿತ್ತು.

ಮುಂದಿನ ಭಾನುವಾರ ಕ್ಲಬ್ಬಿನವರು ಪಡಸಾಲೆಯಲ್ಲಿ ಸೇರಿದರು. ಯಾರೋ ಯೆನ್ಸ್ ಹೇಳಿದ್ದ ಕತೆ ನೆನಪು ಮಾಡಿ, ನಾವೂ ಹಾಗೆಯೇ ಕೈ ಎತ್ತಿಸಿ ನೋಡೋಣ ಎಂದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಎಂದೂ ಆ ಜನರ ನಡುವೆ ಬಂದು ನಿಲ್ಲದ ಅವ್ವ ನಡುಮನೆಯ ಬಾಗಿಲಿಗೆ ಬಂದು ನಿಂತಳು. ಧ್ವನಿ ಏರಿಸಲಿಲ್ಲ.

“ಇಲ್ಲೆ ಯಾರೂ ಕೈ ಎತ್ತಬ್ಯಾಡ್ರಿ. ಒಳಗ ಮಲಗಿದಾಂವಗ ಕೈ ಎತ್ತಾಕ ಬರೂದಿಲ್ಲ.”

ಒಬ್ಬೊಬ್ಬರಾಗಿ ಎದ್ದು ಹೋದರು. ಕ್ಲಬ್ಬು ನಿಂತದ್ದು ಹೀಗೆ.

ಆಮೇಲೆ ಆರು ವರ್ಷ ನಮ್ಮ ಮನೆ ಆ ಮಂಚದ ಸುತ್ತ ನಡೆಯಿತು. ಅಪ್ಪ ವೆಲ್ಡಿಂಗ್ ಬಿಟ್ಟೇಬಿಟ್ಟ. ಆ ಕೆಲಸ ಬಂದರೆ ಗಿರಾಕಿಯನ್ನು ಬೇರೆಯವರ ಕಡೆ ಕಳಿಸುತ್ತಿದ್ದ. ಕ್ರಮೇಣ ಗಿರಾಕಿಗಳೇ ಬರುವುದು ಬಿಟ್ಟರು. ತಮ್ಮನ ಮೈ ಒರೆಸುವುದು, ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಹೊರಳಿಸುವುದು, ಉಣಿಸುವುದು, ಎಲ್ಲ ತಾನೇ ಮಾಡುತ್ತಿದ್ದ. ಉಣಿಸುವಾಗ ಮಾತ್ರ ದಿನಾ ಒಂದು ಸಂಕಟ. ಅಪ್ಪ ಮಾತಿಲ್ಲದೆ ರೊಟ್ಟಿ ಹಾಲಲ್ಲಿ ಕಲಸಿ ತುತ್ತು ತುಟಿಗೆ ತಾಗಿಸಿದ ಕೂಡಲೇ ಕಾಕಾ ಬೆಚ್ಚಿಬೀಳುತ್ತಿದ್ದ. ತುತ್ತು ಕೆಳಗೆ ಬೀಳುತ್ತಿತ್ತು. ಅಪ್ಪನ ಮುಖ ಸಣ್ಣದಾಗುತ್ತಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಮತ್ತೊಂದು ತುತ್ತು ಮಾಡುತ್ತಿದ್ದ. ನಾನು ಉಣಿಸಿದರೆ ಕಾಕಾ ಬೆಚ್ಚುತ್ತಿರಲಿಲ್ಲ. ನಾನು ಪ್ರತಿ ತುತ್ತಿಗೂ ಮೊದಲು ‘ಕಾಕಾ, ಬಂತು’ ಎನ್ನುತ್ತಿದ್ದೆ. ಅದನ್ನು ಅಪ್ಪ ಆಟ ಎಂದುಕೊಂಡಿದ್ದ. ‘ನಿನ್ನ ಕೈ ಅಂದ್ರ ಅವಗ ಸೇರತೈತಿ’ ಎಂದು ಒಂದು ದಿನ ತಟ್ಟೆ ನನ್ನ ಕೈಗೆ ಕೊಟ್ಟು ಹಿತ್ತಿಲಿಗೆ ಹೋದ.

ನನಗೆ ಹದಿಮೂರು ತುಂಬಿದ ವರ್ಷ ನಾನು ಧೈರ್ಯ ಮಾಡಿ ಕಾಕಾನನ್ನು ಕೇಳಿದೆ. ಅವ್ವ ಸಂತೆಗೆ ಹೋಗಿದ್ದಳು, ಅಪ್ಪ ಗ್ಯಾರೇಜಿನಲ್ಲಿದ್ದ.

“ಕಾಕಾ, ಅಪ್ಪಗ ಹೇಳೂಣು. ಫೋರ್ಕಿನ್ದ ತಪ್ಪಲ್ಲ ಅಂತ ಹೇಳೂಣು. ಅಪ್ಪ ದಿನಾ ಸಾಯಾಕತ್ತಾನ.”

ಕಾಕಾ ಜಂತಿಯ ಕಡೆ ಕಣ್ಣು ತಿರುಗಿಸಿದ.

“ತನ್ನ ತಪ್ಪಂತ ತಿಳಕೊಂಡ ಅಣ್ಣ ನನ್ನ ನೋಡಾಕತ್ತಾನ, ನೀಲೂ. ಉಚ್ಚಿ ತಗೀತಾನ, ಹೇಲು ಬಳೀತಾನ. ನಂದ ತಪ್ಪು ಅಂತ ಗೊತ್ತಾದ್ರ? ಕಣ್ಣು ಕಾಣಲಾರದ ಗಾಡಿ ಹತ್ತಿ ನಾನ ಈ ಮನಿ ಹಾಳ ಮಾಡೀನಿ ಅಂತ ಗೊತ್ತಾದ್ರ, ಆಮ್ಯಾಲೆ ನಾ ಈ ಮನ್ಯಾಗ ಯಾರು?”

“ಅಪ್ಪ ಹಂಗಲ್ಲ.”

“ನೀ ಎದ್ದು ಅಡ್ಡಾಡಾಕಿ. ಹಿಂಗ ಮಲಗಿ ನೋಡು, ಆಗ ಗೊತ್ತಾಗತೈತಿ.”

ಅಪ್ಪ ಹಾಗಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಾಕಾನ ಕಣ್ಣಿನಲ್ಲಿದ್ದ ಭಯ ನಿಜವಾದ ಭಯ. ಅವನಿಗೆ ಉಳಿದಿದ್ದ ಒಂದೇ ಆಸರೆಯನ್ನು ಕಿತ್ತುಕೊಳ್ಳಲು ನನಗೆ ಆಗಲಿಲ್ಲ. ಇಬ್ಬರಲ್ಲಿ ಒಬ್ಬರನ್ನು ದಿನಾ ನೋಯಿಸುತ್ತ ಇನ್ನೊಬ್ಬರನ್ನು ಕಾಯುವುದು ನನ್ನ ಪಾಲಿಗೆ ಬಂತು. ನಾನು ಮುಂದೆ ನರ್ಸಾಗಿ ಮೂವತ್ತು ವರ್ಷ ದುಡಿದೆ. ರೋಗಿಗಳು ‘ಒಂದು ಮಾತು ಹೇಳ್ತೇನಿ ಸಿಸ್ಟರ್, ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ’ ಎಂದಾಗಲೆಲ್ಲ ನಾನು ಮತ್ತೆ ನಡುಮನೆಯ ಆ ಮಂಚದ ಪಕ್ಕ ನಿಂತಿರುತ್ತಿದ್ದೆ.

ಆರನೆಯ ವರ್ಷದ ಚಳಿಗಾಲದಲ್ಲಿ ಕಾಕಾನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ನಾಲ್ಕು ದಿನದಲ್ಲಿ ಹೋದ. ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮಣ್ಣು ಮಾಡಿ ಬಂದರು. ಮೂರನೆಯ ದಿನ ಬೆಳಿಗ್ಗೆ ಅಪ್ಪ ನಡುಮನೆಯಲ್ಲಿ ಖಾಲಿ ಮಂಚದ ಪಕ್ಕ, ತಾನು ದಿನಾ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಿದ್ದ. ‘ನನ್ನ ಕೈ ಕೊಂದ್ವು’ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡ. ನಾನು ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕುಲಗೋಡದಲ್ಲಿ ಬಿದ್ದದ್ದು, ಒಡೆದ ಕಪ್ಪು, ಮೂರು ಬೆರಳು, ಬಲಗಡೆಯಿಂದ ಬಂದ ಮಾಸ್ತರ. ಫೋರ್ಕು ಮುರಿದದ್ದು ಬಿದ್ದ ಮೇಲೆ ಎಂದೆ. ಅಪ್ಪನ ಮುಖದಲ್ಲಿ ಹಗುರ ಕಾಣುತ್ತದೆ ಎಂದು ಕಾಯುತ್ತಿದ್ದೆ. ಅವನು ಒಂದೇ ಮಾತು ಕೇಳಿದ.

“ಯಾವ ಕಣ್ಣು ಅಂದಿ?”

“ಬಲಗಣ್ಣು.”

ಅಪ್ಪ ಮಂಚದ ತಲೆದಿಂಬನ್ನು ನೋಡಿದ, ತಾನು ಕೂತಿದ್ದ ಸ್ಟೂಲನ್ನು ನೋಡಿದ.

“ಇದ ಬಲಬಾಜೂಕ ಕುಂತು ಉಣಸೀನಿ, ಆರು ವರ್ಷ. ತುತ್ತು ಮುಟ್ಟಿದ ಕೂಡ್ಲೆ ಬೆಚ್ಚತಿದ್ದ. ನನ್ನ ಕೈ ಕಂಡ್ರ ಹೇಸ್ತಾನ ಅಂತ ತಿಳದಿದ್ದೆ.” ತಲೆದಿಂಬಿನ ಮೇಲೆ ಕೈ ಇಟ್ಟು ಹೇಳಿದ, “ಅವಗ ನನ್ನ ಕೈ ಕಾಣತಿರಲಿಲ್ಲ.”

ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು.

“ಇಷ್ಟು ವರ್ಷ ಯಾಕ ಹೇಳಲಿಲ್ಲ, ನೀಲಾ?”

ಕಾಕಾ ಹೇಳಿದ್ದನ್ನು ಹೇಳಬಹುದಿತ್ತು. ನೀನು ಕೈ ಬಿಡುತ್ತೀ ಎಂದು ಅವನು ಅಂಜಿದ್ದ ಎಂದು ಹೇಳಬಹುದಿತ್ತು. ಆರು ವರ್ಷ ಮಗುವಿನಂತೆ ನೋಡಿಕೊಂಡ ತಮ್ಮನಿಗೆ ತನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವೆಂದು ಆ ಮನುಷ್ಯನಿಗೆ ಗೊತ್ತಾಗಬೇಕೇ? ನಾನು ನೆಲ ನೋಡುತ್ತ ಹೇಳಿದೆ.

“ನಾನ ಅಂಜಿದ್ದೆ ಅಪ್ಪಾ. ನೀ ಬಡೀತಿ ಅಂತ.”

ಅಪ್ಪ ನನ್ನನ್ನು ಎಂದೂ ಹೊಡೆದವನಲ್ಲ. ನನ್ನ ಗದ್ದ ಎತ್ತಿ ಮುಖ ನೋಡಿದ. ಬೈಯಲಿಲ್ಲ. ‘ಸಣ್ಣಾಕಿ ಇದ್ದಿ’ ಎಂದಷ್ಟೇ ಹೇಳಿ ಎದ್ದು ಹೋದ. ಅಪ್ಪನ ಜೊತೆ ನಾನು ಮತ್ತೆ ಇಪ್ಪತ್ತು ವರ್ಷ ಮಾತಾಡಿದೆ, ಉಂಡೆ, ಅವನ ಮೊಮ್ಮಕ್ಕಳನ್ನು ಅವನ ತೊಡೆಯ ಮೇಲೆ ಹಾಕಿದೆ. ಆದರೆ ಆ ದಿನದಿಂದ ಅವನಿಗೆ ಒಂದು ಅಭ್ಯಾಸ ಬಂತು. ‘ಉಂಡಿಯೇನು?’ ಎಂದು ಕೇಳುತ್ತಿದ್ದ. ಹೂಂ ಎಂದರೆ ಒಂದು ಗಳಿಗೆ ಬಿಟ್ಟು, ‘ಖರೆ?’ ಎನ್ನುತ್ತಿದ್ದ. ಗಂಡನ ಮನೆಯಿಂದ ಬಂದಾಗ ‘ಆರಾಮ ಅದಿ?’ ಎಂದು ಕೇಳಿ, ಉತ್ತರ ಬಂದ ಮೇಲೆ ಮತ್ತೆ ಆ ಒಂದು ಮಾತು. ಅದರಲ್ಲಿ ಸಿಟ್ಟಿರಲಿಲ್ಲ. ಅವನಿಗೆ ತಾನು ಹಾಗೆ ಕೇಳುತ್ತಿದ್ದದ್ದೂ ಗೊತ್ತಿತ್ತೋ ಇಲ್ಲವೋ. ಕೊನೆಯ ಸಲ ಅವನು ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಮಲಗಿದ್ದಾಗ, ರಿಪೋರ್ಟು ನನ್ನ ಕೈಯಲ್ಲಿತ್ತು. ನಾನು ಅದನ್ನು ಮಡಚಿ ಜೇಬಿಗೆ ಹಾಕಿ, ನಾಲ್ಕು ದಿನದಲ್ಲಿ ಮನೆಗೆ ಹೋಗೋಣ ಎಂದೆ.

“ಖರೆ?” ಎಂದ ಅಪ್ಪ.

“ಖರೆ, ಅಪ್ಪಾ,” ಎಂದೆ.